ಹೊಸ ಫೋನಿಗೆ ಎಂಟು ಗಂಟೆ ಚಾರ್ಜ್ ಬೇಕಾ?

ಹೊಸ ಫೋನ್ ತಂದವರ ವಾಟ್ಸಾಪ್‌ಗೆ ಒಂದು ಮೆಸೇಜು ಬಂದೇ ಬರುತ್ತದೆ: ಮೊದಲ ಸಲ ಆಫ್ ಮಾಡಿ 8 ಗಂಟೆ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದಂತೆ. ಇದು ಈಗಿನ ಫೋನುಗಳಿಗೆ ಅನ್ವಯಿಸುವುದಿಲ್ಲ.

ಮಾತು ಸುಮ್ನೆ ಹುಟ್ಟಿದ್ದೇನಲ್ಲ. ಹಳೆಯ ನಿಕಲ್ ಬ್ಯಾಟರಿಗಳಿಗೆ ಮೊದಲ ದೀರ್ಘ ಚಾರ್ಜ್ ಬೇಕಾಗುತ್ತಿತ್ತು. ಈಗಿರುವುದು ಲಿಥಿಯಂ-ಅಯಾನ್ ಬ್ಯಾಟರಿ, 1991ರಲ್ಲಿ ಮಾರುಕಟ್ಟೆಗೆ ಬಂದ ಬಗೆ. ಅದು 100 ಮುಟ್ಟಿದರೆ ಫೋನೇ ಚಾರ್ಜ್ ನಿಲ್ಲಿಸುತ್ತದೆ. ಉಳಿದ ಗಂಟೆಗಳಲ್ಲಿ ವೈರು ಸಿಕ್ಕಿಸಿಟ್ಟು ನಾವು ಕಾಯುವುದಷ್ಟೇ!

ಹಾಗಾದರೆ ಹೊಸ ಫೋನಿನ ಚಾರ್ಜು ಮಧ್ಯಾಹ್ನಕ್ಕೇ 30ಕ್ಕೆ ಇಳಿಯುವುದೇಕೆ? ಅದಕ್ಕೆ ಕೈತುಂಬ ಕೆಲಸ. ಹಳೆಯ ಫೋಟೋಗಳು ಇಳಿಯುತ್ತಿರುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ, ಗ್ಯಾಲರಿ ಒಂದೊಂದೇ ಮುಖ ಗುರುತಿಸುತ್ತಿರುತ್ತದೆ. ನಾವೂ ಹೊಸತೆಂದು ಜಾಸ್ತಿ ನೋಡುತ್ತೇವೆ, ಅಲ್ವಾ? ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ಇದು ತಣ್ಣಗಾಗುತ್ತದೆ.

ನೀವೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ನೀವು ತೆರೆಯದ ಆ್ಯಪ್ ಮೇಲಿದ್ದರೆ ಅದರ ಹಿನ್ನೆಲೆ ಬಳಕೆ ನಿಲ್ಲಿಸಿ. ರಾತ್ರಿ ಮಲಗುವಾಗ ಏರೋಪ್ಲೇನ್ ಮೋಡ್ ಹಾಕಿ ಶೇಕಡಾವಾರು ಬರೆದಿಡಿ. ಬೆಳಗ್ಗೆಗೆ ಎರಡು ಮೂರು ಅಂಕ ಮಾತ್ರ ಇಳಿದಿದ್ದರೆ ಬ್ಯಾಟರಿ ಬಹುತೇಕ ಸರಿಯಿದೆ. ಸಿಗ್ನಲ್ ಹುಡುಕಾಟದ ಮೇಲೋ ಆ್ಯಪ್ ಮೇಲೋ ಅನುಮಾನಪಡಿ. ಏರೋಪ್ಲೇನ್ ಮೋಡ್‌ನಲ್ಲೂ ಹತ್ತಿಪ್ಪತ್ತು ಅಂಕ ಇಳಿದು, ವಾರ ಕಳೆದರೂ ಹಾಗೇ ಇದ್ದರೆ ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಇನ್ನು ಆ ಮೆಸೇಜಿನ ವಿಷಯ. ಪೆಟ್ಟಿಗೆಯಲ್ಲಿನ ಪುಟ್ಟ ಕೈಪಿಡಿಯಲ್ಲಿ 8 ಗಂಟೆ ಎಂದಿದೆಯೇ ನೋಡಿ.