ಕುದುರೆ ಸಾಕುವ ಮನೆಯ ಲೆಕ್ಕ

ಬೀದಿಪಾಲಾಗಿದ್ದ ಎರಡು ಕುದುರೆಗಳನ್ನು ತಂದು ಧಾರವಾಡದ ಹೊರವಲಯದ ನಮ್ಮ ಹಿತ್ತಲಿನಲ್ಲಿ ಸಾಕುತ್ತಿರುವ ವಿಷಯ ತಿಳಿದವರೆಲ್ಲ, ಹುಬ್ಬಳ್ಳಿಯ ಬ್ಯಾಂಕ್ ನೌಕರಿ, ಮನೆ, ಮಕ್ಕಳ ನಡುವೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಎಂದು ಕೇಳುತ್ತಾರೆ. ನಾನೊಬ್ಬಳೇ ನಿಭಾಯಿಸುತ್ತಿಲ್ಲ ಎಂಬುದೇ ಇದಕ್ಕೆ ನೇರವಾದ ಉತ್ತರ. ಮೆಚ್ಚುಗೆಯ ಮಾತು ನನ್ನ ಪಾಲಿಗೆ ಬರುತ್ತದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕುದುರೆಗಳ ನೀರಿನ ಬಾನಿ ತುಂಬಿಸುವ ಕೆಲಸ ನಮ್ಮ ಅತ್ತೆಯವರ ಪಾಲಿಗೆ ಹೋಗುತ್ತದೆ. ಪ್ರಾಣಿದಯೆಯ ಬರಹಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಕಾಣುವುದಿಲ್ಲ.

ಸುಮಾರು 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5ರಿಂದ 6 ಕಿಲೋ ಒಣಮೇವು ಬೇಕು, ಬೇಸಿಗೆಯಲ್ಲಿ 20ರಿಂದ 30 ಲೀಟರ್ ನೀರು ಬೇಕು. ಎತ್ತು, ಎಮ್ಮೆಗಳಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಮೈಗಾತ್ರಕ್ಕೆ ಹೋಲಿಸಿದರೆ ಅದರ ಜಠರ ಚಿಕ್ಕದು, ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡುವುದಕ್ಕೂ ಬಾರದು. ಆದ್ದರಿಂದ ಬೆಳಿಗ್ಗೆ ಒಂದು ಹೊರೆ ಮೇವು ಒಗೆದು ಬಸ್ಸು ಹತ್ತಿದರೆ ಮುಗಿಯುವುದಿಲ್ಲ, ಸ್ವಲ್ಪಸ್ವಲ್ಪವಾಗಿ ದಿನವಿಡೀ ಕೊಡುತ್ತಿರಬೇಕು, ಬೂಸ್ಟು ಹಿಡಿದ ಶೇಂಗಾ ಹೊಟ್ಟನ್ನು ಆರಿಸಿ ಎಸೆಯಬೇಕು. 6ರಿಂದ 8 ವಾರಗಳಿಗೊಮ್ಮೆ ಗೊರಸು ಕತ್ತರಿಸಬೇಕು. ಟಾಂಗಾಗಳ ಕಾಲ ಮುಗಿದ ಮೇಲೆ ಗೊರಸು ಕತ್ತರಿಸಿ ನಾಲ (ಲಾಳ) ಹೊಡೆಯುವವರನ್ನು ಹುಡುಕಿ ತರುವುದೇ ಒಂದು ಕೆಲಸವಾಗಿದೆ. "ಕುದ್ರಿಗೆ ಐತವಾರ ಗೊತ್ತಿರಂಗಿಲ್ಲವಾ" ಎಂದು ಅತ್ತೆಯವರು ಹೇಳುವುದು ದೂರಲ್ಲ, ವಸ್ತುಸ್ಥಿತಿ.

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆ ಯುಗಾದಿ ಬಂದಿತ್ತು. ಓಣಿಯವರು ಪ್ರೀತಿಯಿಂದ ಕುದುರೆಗಳಿಗೆ ಹೋಳಿಗೆ, ಅನ್ನ ತಂದು ಹಾಕಿದ್ದರು. ರಾತ್ರಿ ಹೊತ್ತಿಗೆ ಹೆಣ್ಣು ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆಮತ್ತೆ ಕತ್ತು ಹೊರಳಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳತೊಡಗಿತು. ಹೊಟ್ಟೆಶೂಲೆಯ ಲಕ್ಷಣವಿದು, ತಡ ಮಾಡಿದರೆ ಜೀವಕ್ಕೆ ಎರವಾಗುತ್ತದೆ. ನಮ್ಮ ಭಾಗದ ಪಶುವೈದ್ಯರ ಹೆಚ್ಚಿನ ಸಮಯ ದನ, ಎಮ್ಮೆಗಳಿಗೇ ಹೋಗುತ್ತದೆ, ಪಶುವೈದ್ಯಕೀಯ ಕಾಲೇಜು ಇರುವುದು ದೂರದ ಗದಗಿನಲ್ಲಿ. ಪುಣ್ಯಕ್ಕೆ ಪರಿಚಯದ ವೈದ್ಯರೊಬ್ಬರು ಅಪರಾತ್ರಿಯಲ್ಲಿ ಬಂದು ಮೂಗಿನ ಮೂಲಕ ನಳಿಕೆ ಇಳಿಸಿ ಪ್ಯಾರಾಫಿನ್ ಎಣ್ಣೆ ಹಾಕಿದರು. ಬೆಳಗಾಗುವ ತನಕ ಹಗ್ಗ ಹಿಡಿದು ನಿಂತವರು ನಮ್ಮ ಮನೆಯವರು. ನಾನು ಒಳಗೆ ಮಗಳ ಗಣಿತದ ಪುಸ್ತಕದ ಮುಂದೆ ಕುಳಿತಿದ್ದೆ. ಮರುದಿನ ಕೌಂಟರಿನಲ್ಲಿದ್ದಾಗ ಅತ್ತೆಯವರ ಫೋನು ಬಂತು: "ಲದ್ದಿ ಹಾಕೈತಿ." ಎದುರಿಗಿದ್ದ ಗ್ರಾಹಕರಿಗೆ ನನ್ನ ಮುಖ ಅರಳಿದ ಕಾರಣವನ್ನು ನಾನು ವಿವರಿಸಲಿಲ್ಲ.

ಆಷಾಢ ಬಂತೆಂದರೆ ಮದುವೆಗಳಿಲ್ಲ, ಮೆರವಣಿಗೆಗಳಿಲ್ಲ. ಬಾಡಿಗೆಯಿಲ್ಲದ ಕುದುರೆಯನ್ನು ಮಾಲೀಕ ಬಿಟ್ಟುಬಿಡುತ್ತಾನೆ, ಅದು ತಿಪ್ಪೆಯಲ್ಲಿ ಪ್ಲಾಸ್ಟಿಕ್ ಚೀಲ ಮೂಸುತ್ತ ನಿಂತಿರುತ್ತದೆ. ಹಸಿವು, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಕಾಯ್ದೆ ಸರಿಯಾಗಿಯೇ ಇದೆ. ಆದರೆ ತನ್ನ ಮನೆಯ ಜೋಳದ ಚೀಲವೇ ಬರಿದಾದವನ ಮೇಲೆ ದೂರು ಬರೆಯುವುದಕ್ಕಿಂತ ಆ ತಿಂಗಳ ಮೇವನ್ನು ನಾಲ್ಕು ಮನೆಯವರು ಕೂಡಿ ಒದಗಿಸಿದರೆ ಕುದುರೆಯೂ ಉಳಿಯುತ್ತದೆ, ಅವನ ಕಸುಬೂ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಮೂರನೆಯ ಕುದುರೆಯನ್ನೂ ಇಟ್ಟುಕೊಳ್ಳಿರೆಂಬ ಒತ್ತಾಯ ಬರುತ್ತಿದೆ, ಅದರ ಫೋಟೋ ದಿನಕ್ಕೊಬ್ಬರು ಕಳಿಸುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬಾಳುತ್ತದೆ; ಮಗಳು ಕಾಲೇಜು ಮುಗಿಸಿ ಬೇರೆ ಊರು ಸೇರಿದ ಮೇಲೂ, ಅತ್ತೆಯವರ ಕೈಯಲ್ಲಿ ಕೊಡ ಎತ್ತಲಾಗದ ಮೇಲೂ ಅದಕ್ಕೆ ಮೇವು ಬೇಕು, ನೀರು ಬೇಕು. ಹೂಂ ಎನ್ನುವ ಬಾಯಿ ನನ್ನದು, ದುಡಿಯುವ ಕೈ ಇನ್ನೊಬ್ಬರದು ಎಂದಾದರೆ ಅದನ್ನು ದಯೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಮನೆಯವರೆಲ್ಲ ಕೂಡಿ ಮಾತಾಡಿ ಬೇಡವೆಂದು ತೀರ್ಮಾನಿಸಿದ್ದೇವೆ. ಕಲಘಟಗಿ, ಕುಂದಗೋಳದ ಕಡೆ ಹೊಲ, ನೆರಳು ಮತ್ತು ಹಗಲೆಲ್ಲ ಮನೆಯಲ್ಲಿರುವ ಒಬ್ಬರು ಇದ್ದರೆ ತಿಳಿಸಿರಿ. ಒಂದು ಬಂಡಿ ಒಣಹುಲ್ಲು ನಮ್ಮ ಕಡೆಯಿಂದ ಬರುತ್ತದೆ, ಮೇವು ಹಾಕುವ ರೀತಿಯನ್ನು ಅತ್ತೆಯವರೇ ಬಂದು ತೋರಿಸಿಕೊಡುತ್ತೇನೆಂದಿದ್ದಾರೆ.