ಚೋಮ ದಪ್ಪಗಾದ ಕಥೆ

ಶನಿವಾರ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹೊರಗೆ ಹಾಕದಿದ್ದರೆ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೋರಿಸುತ್ತಿದ್ದೇನಂತೆ. ಹಾಗಾಗಿ ನೀವು ಅನುಭವಿಸಿ.

ಪುಣೆಯ ನಮ್ಮ ಕೋಥ್ರೂಡ್ ಮನೆಯ ಎದುರು ಫ್ಲ್ಯಾಟಿನ ಮರಾಠಿ ಚಿಕ್ಕಮ್ಮ, ಅಂದರೆ ಕಾಕು, ನಿಮಗೆಲ್ಲ ಗೊತ್ತು. ನನ್ನ ಅರ್ಧ ಪೋಸ್ಟುಗಳಲ್ಲಿ ಅವರೇ ಇರುತ್ತಾರೆ. ನಿಮ್ಮ ಕನ್ನಡದ್ದು ಒಂದು ಒಳ್ಳೆ ಸಿನಿಮಾ ತೋರಿಸು ಅಂತ ಎರಡು ವರ್ಷದಿಂದ ಪೀಡಿಸುತ್ತಿದ್ದರು. ಸರಿ, 'ಚೋಮನ ದುಡಿ' ಹಾಕಿದೆ. ಒಬ್ಬ ಕಾರಂತರು (ಶಿವರಾಮ) 1933ರಲ್ಲಿ ಬರೆದ ಕಾದಂಬರಿ, ಇನ್ನೊಬ್ಬ ಕಾರಂತರು (ಬಿ.ವಿ.) 1975ರಲ್ಲಿ ಸಿನಿಮಾ ಮಾಡಿದರು, ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು ಅಂತ ದೊಡ್ಡ ಪೀಠಿಕೆಯನ್ನೂ ಹಾಕಿದೆ. ನೆಟ್‌ನಲ್ಲಿ ಸಿಕ್ಕಿದ ಪ್ರತಿಯಲ್ಲಿ ಸಬ್‌ಟೈಟಲ್ ಇರಲಿಲ್ಲ. ನಾನೇ ಪಕ್ಕದಲ್ಲಿ ಕೂತು ಮರಾಠಿಯಲ್ಲಿ ಹೇಳುತ್ತಾ ಹೋದೆ. ಸಾಲ, ಹಸಿವು, ಸ್ವಂತ ಗದ್ದೆ ಉಳಬೇಕೆನ್ನುವ ಆಸೆ, ಎಲ್ಲ.

ಇಪ್ಪತ್ತು ನಿಮಿಷ ಸುಮ್ಮನೆ ನೋಡಿದ ಕಾಕು ಮೆಲ್ಲಗೆ ಅಂದರು: "ಉಪಾಶಿ ಮ್ಹಣತೋಸ್, ಪಣ ಮಾಣುಸ್ ಚಾಂಗಲಾ ಜಾಡ ದಿಸತೋಯ್ ಕೀ ರೇ." ಉಪವಾಸ ಅಂತೀಯ, ಆಸಾಮಿ ಒಳ್ಳೆ ದಪ್ಪಗೇ ಕಾಣ್ತಾನಲ್ಲೋ!

ನೋಡಿದೆ. ಹೌದು ಸ್ವಾಮಿ. ಚೋಮ ದಪ್ಪಗಿದ್ದಾನೆ! ಬತ್ತಿದ ಕೆನ್ನೆ ತುಂಬಿಕೊಂಡಿದೆ. ಎದೆ ಅಖಾಡದ ಪೈಲ್ವಾನನದ್ದು. ಎತ್ತುಗಳು ಕೃಷಿ ಮೇಳದಲ್ಲಿ ಬಹುಮಾನ ಗೆದ್ದು ಬಂದ ಹಾಗಿವೆ. ಅವನು ಬಾರಿಸುವ ದುಡಿಯ ದುಂಡು ಮುಖ ಎರಡೂ ಕಡೆ ಎಳೆದ ಚಪಾತಿಯ ಹಾಗಾಗಿದೆ.

ಆಗಿದ್ದಿಷ್ಟೇ. ಆ ಕಾಲದ ಕಪ್ಪು ಬಿಳುಪು ಸಿನಿಮಾಗಳ ಚೌಕಟ್ಟು ಹೆಚ್ಚು ಕಮ್ಮಿ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಟಿ.ವಿ. 16:9. ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟರೆ ಚಿತ್ರ ಇದ್ದ ಹಾಗೇ ಕಾಣುತ್ತದೆ. ಆದರೆ ಕಪ್ಪು ಪಟ್ಟಿ ಕಂಡರೆ ನಮ್ಮ ಜನಕ್ಕೆ ಅದೇನೋ ಹೊಟ್ಟೆಯುರಿ. 55 ಇಂಚಿಗೆ ದುಡ್ಡು ಕೊಟ್ಟಿದ್ದೀವಿ, 55 ಇಂಚೂ ತುಂಬಬೇಕು. ಸಿನಿಮಾ ನೆಟ್‌ಗೆ ಹಾಕುವವರು ಎಳೆದು ತುಂಬಿಸುತ್ತಾರೆ. ಎಲ್ಲರೂ ಮೂರನೇ ಒಂದು ಪಾಲು ಅಗಲವಾಗುತ್ತಾರೆ. ಲೆಕ್ಕ ಹಾಕಿ ನೋಡಿ: 60 ಕಿಲೋ ಮನುಷ್ಯ 80 ಕಿಲೋ!

ಕಾದಂಬರಿಯಲ್ಲಿ ಕಾರಂತರಿಗೆ ಹಸಿವಿನ ಬಗ್ಗೆ ಬೇಕಾದಷ್ಟು ಪುಟ ಬರೆಯುವ ಅನುಕೂಲ ಇತ್ತು. ಸಿನಿಮಾದವರಿಗೆ ಅಷ್ಟು ಪುಟ ಎಲ್ಲಿ? ಚೋಮನ ಮೈ ಇದೆ, ಮುಖ ಇದೆ, ಆ ದುಡಿ ಇದೆ. ಪುಟಗಳನ್ನೆಲ್ಲ ತಂದು ಆ ಪಕ್ಕೆಲುಬಿನ ಮೇಲೆ ಇಟ್ಟಿದ್ದಾರೆ. ನೀವು ಆ ಪಕ್ಕೆಲುಬನ್ನೇ ಅಗಲ ಮಾಡಿಬಿಟ್ಟರೆ ಉಳಿಯೋದು ಯಾವ ಚೋಮ? ಪುಸ್ತಕದಂಗಡಿಯಲ್ಲಿ ಯಾರಾದರೂ 'ಅಕ್ಷರ ಸ್ವಲ್ಪ ಎಳೆದಿದ್ದೀವಿ, ಪ್ರತಿ ಪುಟದ ಮೇಲಿನ ನಾಲ್ಕು ಸಾಲು ಬಿಟ್ಟಿದ್ದೀವಿ' ಅಂತ ಕಾದಂಬರಿ ಮಾರಿದರೆ ಸುಮ್ಮನೆ ಇರ್ತೀವಾ?

ಮೇಲಿನ ಸಾಲು ಅಂದೆನಲ್ಲ, ಅದು ಇನ್ನೊಂದು ಬಗೆಯ ಕೊಲೆ. ಎಳೆಯುವ ಬದಲು ಝೂಮ್ ಮಾಡುವವರು. ಅಗಲ ಸರಿಹೋಗುತ್ತದೆ, ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಕಳೆದ ವರ್ಷ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಅಂಥ ಪ್ರತಿಯಲ್ಲಿ ನೋಡಿದೆ. ಕೊನೆಯಲ್ಲಿ ವಿಧವೆ ಯಮುನಕ್ಕನ ತಲೆ ಬೋಳಿಸಿ ಕೂರಿಸಿರುತ್ತಾರಲ್ಲ? ಇಡೀ ಸಿನಿಮಾ ಅಲ್ಲಿಗೆ ಬಂದು ನಿಲ್ಲುತ್ತದೆ. ಆ ತಲೆಯೇ ಚೌಕಟ್ಟಿನಿಂದ ಆಚೆ!

ನನಗೆ ಉರಿಯೋದು ಯಾಕೆ ಗೊತ್ತಾ? ದಿನಾ ಸ್ಕೂಟರಿನಲ್ಲಿ ಲಾ ಕಾಲೇಜ್ ರಸ್ತೆ ದಾಟುತ್ತೇನೆ. ಅಲ್ಲೇ ಇದೆ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಅದೇ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೋದವರು ಕಾಸರವಳ್ಳಿ. ಅದೇ ಸಂಗ್ರಹಾಲಯದಲ್ಲಿದ್ದ ನೆಗೆಟಿವ್‌ನಿಂದ 'ಘಟಶ್ರಾದ್ಧ'ವನ್ನು 4ಕೆಯಲ್ಲಿ ಹೊಸದು ಮಾಡಿದರು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವಕ್ಕೂ ಹೋಯಿತು. ಹಾಗೆ ಹೊಸದು ಮಾಡುವವರು ಒಂದೊಂದು ಗೀರು ಒರೆಸೋದಕ್ಕೆ ತಿಂಗಳುಗಟ್ಟಲೆ ಕೂರುತ್ತಾರೆ. ನನ್ನ ಮನೆಯ ಹಾಲ್‌ನಲ್ಲಿ, ಆ ಸಂಗ್ರಹಾಲಯದಿಂದ ಮೂರು ಕಿಲೋಮೀಟರ್ ದೂರದಲ್ಲಿ, ಯಮುನಕ್ಕನಿಗೆ ತಲೆಯೇ ಇಲ್ಲ.

ಇದನ್ನು ಹೇಳಿದರೆ ತಂಗಿಯ ಮಗ, "ಮಾಮ, ಪುಕ್ಕಟೆ ಸಿಗ್ತಿದೆಯಲ್ಲ, ಅದೂ ಇಲ್ಲದಿದ್ದರೆ ಏನು ಮಾಡ್ತಿದ್ದೆ?" ಅಂತಾನೆ. ಒಪ್ಪಿದೆ. ಯಾರೋ ಪುಣ್ಯಾತ್ಮರು ಹಾಕದಿದ್ದರೆ ಪುಣೆಯಲ್ಲಿ ಕೂತ ನನಗೆ ಈ ಸಿನಿಮಾಗಳ ಗಾಳಿಯೂ ಸೋಕುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮ ಕೈ ಹಚ್ಚದೆ ಇದ್ದ ಹಾಗೇ ಹಾಕಿದ್ದರೆ ಚಿತ್ರ ಸರಿಯಾಗಿಯೇ ಇರುತ್ತಿತ್ತು! ಕೆಡಿಸುವುದಕ್ಕೆಂದೇ ಕೂತು ಕಷ್ಟಪಟ್ಟಿದ್ದಾನೆ. ಜೊತೆಗೆ ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ ಬೇರೆ, ಮದುವೆಮನೆ ಸ್ಟೀಲ್ ತಟ್ಟೆಯ ಮೇಲೆ ಹೆಸರು ಕೆತ್ತಿಸಿದ ಹಾಗೆ.

ನಾನು 'ಚೋಮನ ದುಡಿ'ಯನ್ನು ಮೊದಲು ನೋಡಿದ್ದು ಧಾರವಾಡದಲ್ಲಿ, ದೂರದರ್ಶನದ ಭಾನುವಾರ ಮಧ್ಯಾಹ್ನದ ಸಿನಿಮಾದಲ್ಲಿ. ಡಬ್ಬಿಯಂಥ ಟಿ.ವಿ., ಆಂಟೆನಾ ತಿರುಗಿಸೋದಕ್ಕೆ ಮಾಳಿಗೆ ಮೇಲೆ ತಮ್ಮ. ಚಿತ್ರದಲ್ಲಿ ಮಳೆ ಸುರಿದ ಹಾಗೆ ಚುಕ್ಕೆ. ಆದರೂ ಚೋಮ ಸಣಕಲಾಗಿಯೇ ಇದ್ದ. ಆ ಡಬ್ಬಿಯೂ 4:3 ಅಲ್ವಾ! ಕೊನೆಗೆ ಅವನು ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುವಾಗ ಅಪ್ಪ ಎದ್ದು ಹೊರಗೆ ಹೋಗಿ ನಿಂತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ತಪ್ಪೊಪ್ಪಿಗೆಯೂ ಇದೆ. ನಮ್ಮ ಮದುವೆ ವಿಡಿಯೋ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿದಾಗ ಅದೂ ಹೀಗೇ ಎಳೆದು ಬಂದಿತ್ತು. ಆಗ ಕಡ್ಡಿಯಂತಿದ್ದ ನಾನು ಅದರಲ್ಲಿ ತುಂಬು ಆರೋಗ್ಯದ ವರ. ಹೆಂಡತಿ ಸರಿ ಮಾಡಿಸು ಅಂದಳು. ನಾನು ಬೇಕಂತಲೇ ಮರೆತೆ. ಹೆಂಡತಿ ಮರೆತಿಲ್ಲ. ಶನಿವಾರ ನಾನು ಹಾರಾಡುತ್ತಿದ್ದಾಗ ಕಾಕು ಎದುರಿಗೇ ಅದನ್ನು ತೆಗೆದಳು.

ಆ ಜಗಳದಲ್ಲಿ ಸಿನಿಮಾ ಅರ್ಧಕ್ಕೇ ನಿಂತಿತು. ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಹಾಲಿನ ಪಾಕೀಟು ಹಿಡಿದು ನಿಂತಿದ್ದ ಕಾಕು ಕೇಳಿದರು, "ಆ ಮನುಷ್ಯನಿಗೆ ಗದ್ದೆ ಸಿಕ್ಕಿತಾ?"

ನಾನು ಹೇಳಲಿಲ್ಲ. ಭಾನುವಾರ ಬನ್ನಿ ಅಂದೆ. ನನ್ನ ಟಿ.ವಿ.ಯಲ್ಲಿ ಆ್ಯಪ್ ತೆರೆದರೆ ಪಿಕ್ಚರ್ ಸೈಜ್ ಮೆನು ಮಸುಕಾಗುತ್ತದೆ, 4:3 ಒತ್ತಲು ಬಿಡುವುದಿಲ್ಲ. ಯಾರಿಗಾದರೂ ದಾರಿ ಗೊತ್ತಿದ್ದರೆ ಕೆಳಗೆ ಬರೆಯಿರಿ. ಹೊಸ ಟಿ.ವಿ. ತಗೋ ಅನ್ನುವವರು ದಯವಿಟ್ಟು ಬೇಡ.