ದಿಲ್ಲಿಯಲ್ಲಿ ದುಡ್ಡು ಹೋಗುವುದು ಟಿಕೆಟ್ಟಿಗಲ್ಲ, ಅಲೆದಾಟಕ್ಕೆ

ದಿಲ್ಲಿ ನೋಡಲು ಹೊರಟವರೆಲ್ಲ ಮೊದಲು ಕೇಳುವುದು, "ಎಂಟ್ರಿ ಫೀ ಎಷ್ಟಾಗುತ್ತೆ?" ಲೆಕ್ಕ ಹಾಕಿಬಿಡೋಣ. ಕುತುಬ್ ಮಿನಾರ್ ಮತ್ತು ಹುಮಾಯೂನ್ ಸಮಾಧಿಗೆ ಭಾರತೀಯರಿಗೆ ಕೌಂಟರಿನಲ್ಲಿ ತಲಾ 40 ರೂಪಾಯಿ, ಆನ್‌ಲೈನ್‌ನಲ್ಲಿ 35. ಪುರಾನಾ ಕಿಲಾ, ಸಫ್ದರ್‌ಜಂಗ್ ಸಮಾಧಿ, ಫಿರೋಜ್ ಶಾ ಕೋಟ್ಲಾ ಇಂಥವಕ್ಕೆ 25, ಆನ್‌ಲೈನ್ ಆದರೆ 20. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ 20. ಈ ಆರೂ ಜಾಗಗಳನ್ನು ನೋಡಿದರೂ ಆನ್‌ಲೈನ್ ದರದಲ್ಲಿ ಒಬ್ಬರಿಗೆ ಆಗುವುದು 150 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ಟೇ ಇಲ್ಲ.

ಹಾಗಾದರೆ ದುಡ್ಡು ಎಲ್ಲಿ ಸೋರುತ್ತದೆ? ಬೆಳಿಗ್ಗೆ ಕೆಂಪುಕೋಟೆ, ಮಧ್ಯಾಹ್ನ ಕುತುಬ್, ಸಂಜೆಗೆ ವಾಪಸ್ ಇಂಡಿಯಾ ಗೇಟ್, ರಾತ್ರಿಗೆ ಯಮುನೆ ದಾಟಿ ಅಕ್ಷರಧಾಮ ಅಂತ ಓಡಾಡುವುದರಲ್ಲಿ. "ಒಂದೇ ದಿನದಲ್ಲಿ ಹತ್ತು ಜಾಗ" ಎನ್ನುವ ಟ್ಯಾಕ್ಸಿ ಪ್ಯಾಕೇಜುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ದಿನದ ಅರ್ಧ ಭಾಗ ಸಿಗ್ನಲ್ಲುಗಳಲ್ಲಿ ಕಳೆಯುತ್ತದೆ. ಉಳಿದರ್ಧದಲ್ಲಿ ಪ್ರತಿ ಜಾಗಕ್ಕೂ ಇಪ್ಪತ್ತು ನಿಮಿಷ, ಎರಡು ಫೋಟೋ.

ದಿಲ್ಲಿ ಒಂದು ಊರಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಒಬ್ಬೊಬ್ಬ ದೊರೆಯೂ ಹಳೆಯದನ್ನು ಬಿಟ್ಟು ಬೇರೆ ದಿಕ್ಕಿನಲ್ಲಿ ತನ್ನದೊಂದು ಊರು ಕಟ್ಟಿದ. ದಕ್ಷಿಣದ ತುದಿಯಲ್ಲಿ ಮೆಹ್ರೌಲಿ, ಪೂರ್ವಕ್ಕೆ ತುಘಲಕಾಬಾದ್, ಯಮುನೆಯ ಕಡೆಗೆ ಫಿರೋಜಾಬಾದ್, ಉತ್ತರದಲ್ಲಿ ಷಹಜಹಾನಾಬಾದ್, ನಡುವೆ ಬ್ರಿಟಿಷರ ಹೊಸದಿಲ್ಲಿ. ಆದ್ದರಿಂದ ದಿನಕ್ಕೊಂದು ಊರು, ದಿನಕ್ಕೊಂದು ಮೆಟ್ರೊ ಲೈನ್ ಸಾಕು. ಹಳದಿ ಮತ್ತು ನೇರಳೆ ಲೈನುಗಳನ್ನು ಹಿಡಿದರೆ ನೋಡಬೇಕಾದ ಮುಕ್ಕಾಲು ಭಾಗ ಕೈಗೆಟಕುತ್ತದೆ.

ಹಳದಿ ಲೈನಿನಿಂದಲೇ ಶುರು ಮಾಡಿ. ಕುತುಬ್ ಮಿನಾರ್ ಸ್ಟೇಷನ್ನಿನಲ್ಲಿ ಇಳಿದರೆ ಮಿನಾರ್ ಇನ್ನೂ ಒಂದೂವರೆ ಕಿ.ಮೀ. ದೂರ. ಶೇರ್ ಆಟೋ ಇರುತ್ತವೆ, ಬೆಳಿಗ್ಗೆ ಆದರೆ ನಡೆದೇ ಹೋಗಬಹುದು. 72.5 ಮೀಟರ್ ಎತ್ತರದ ಮಿನಾರನ್ನು ಹೊರಗಿನಿಂದಷ್ಟೇ ನೋಡಬೇಕು. 1981ರಲ್ಲಿ ಒಳಗಿನ ಮೆಟ್ಟಿಲುಗಳಲ್ಲಿ ಕಾಲ್ತುಳಿತವಾಗಿ ಜನ, ಅದರಲ್ಲೂ ಶಾಲಾ ಮಕ್ಕಳು, ಸತ್ತ ಮೇಲೆ ಹತ್ತುವುದನ್ನು ನಿಲ್ಲಿಸಿದ್ದಾರೆ.

ಇಲ್ಲಿ ಎಲ್ಲರೂ ಮಿನಾರಿಗೆ ಕತ್ತೆತ್ತಿ ನಿಲ್ಲುತ್ತಾರೆ. ಅದರ ಪಕ್ಕದ ಮಸೀದಿಯ ದೊಡ್ಡ ಕಮಾನಿನ ಮುಂದೆ ಐದು ನಿಮಿಷ ನಿಂತು ಕಲ್ಲಿನ ಸಂದುಗಳನ್ನು ನೋಡಿ. ಸಂದುಗಳೆಲ್ಲ ನೆಲಕ್ಕೆ ಸಮಾನಾಂತರವಾಗಿವೆ. ಒಂದರ ಮೇಲೊಂದು ಕಲ್ಲನ್ನು ತುಸುತುಸುವೇ ಮುಂದಕ್ಕೆ ಚಾಚಿ ಜೋಡಿಸಿ, ಆಮೇಲೆ ಕಮಾನಿನ ಆಕಾರ ಕೊಟ್ಟಿದ್ದಾರೆ. ನಮ್ಮ ಹೊಯ್ಸಳ ಗುಡಿಗಳ ಭುವನೇಶ್ವರಿ ಎಂಬ ಒಳಛಾವಣಿಗಳನ್ನು ಕಟ್ಟಿದ ವಿಧಾನವೂ ಇದೇ. ಕಟ್ಟಿಸಿದವರು ಕಮಾನು ಕೇಳಿದ್ದರು, ಕಟ್ಟಿದವರಿಗೆ ಗೊತ್ತಿದ್ದದ್ದು ತೊಲೆ ಕಂಬದ ವಿದ್ಯೆ. ಈಗ ಅಲ್ಲೇ ಇರುವ 1311ರ ಅಲಾಯಿ ದರ್ವಾಜಾಕ್ಕೆ ಬನ್ನಿ. ಇಲ್ಲಿ ಸಂದುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಒಂದೇ ಕೇಂದ್ರದತ್ತ ಮುಖ ಮಾಡಿವೆ, ಕಲ್ಲಿಗೆ ಕಲ್ಲು ಒತ್ತಿ ನಿಂತಿದೆ. ಇದೇ ನಿಜವಾದ ಕಮಾನು. ನೂರು ಚಿಲ್ಲರೆ ವರ್ಷಗಳಲ್ಲಿ ಕಟ್ಟುವ ವಿದ್ಯೆ ಹೇಗೆ ಬದಲಾಯಿತು ಎಂಬುದು 35 ರೂಪಾಯಿಯ ಒಂದೇ ಟಿಕೆಟ್ಟಿನಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಎರಡರ ನಡುವಿನ ಕೊಂಡಿ ಇರುವುದು ಪಕ್ಕದ ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿ. ಅದು ಪೂರ್ತಿ ಉಚಿತ. ದಿಲ್ಲಿಯ ಸುಲ್ತಾನ ಬಲ್ಬನ್‌ನ ಸಮಾಧಿ ಅಲ್ಲಿದೆ, ಸುಮಾರು 1287ರದ್ದು. ಗುಮ್ಮಟ ಬಿದ್ದು ಹೋಗಿದೆ, ಗೋಡೆ ಬೋಳಾಗಿದೆ. ಆದರೆ ಭಾರತದಲ್ಲಿ ಉಳಿದಿರುವ ನಿಜವಾದ ಕಮಾನುಗಳಲ್ಲಿ ಇದೇ ಮೊದಲಿನದೆಂದು ವಾಸ್ತುಶಿಲ್ಪ ಬಲ್ಲವರು ಗುರುತಿಸುತ್ತಾರೆ. ಕುತುಬ್‌ನಲ್ಲಿ ಜನಜಂಗುಳಿ, ಇಲ್ಲಿ ಗಿಳಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮುಂದೆ ನಡೆದರೆ ಜಮಾಲಿ ಕಮಾಲಿ ಮಸೀದಿ, ಸಿಕಂದರ್ ಲೋದಿಯ ಕಾಲದಲ್ಲಿ 1506ರಲ್ಲಿ ಕಟ್ಟಿದ ರಾಜೋಂ ಕಿ ಬಾವಲಿ. ದಿಲ್ಲಿಯ ಮೆಟ್ಟಿಲುಬಾವಿಗಳಲ್ಲಿ ನನಗೆ ಇದೇ ಹೆಚ್ಚು. ಕಾನಾಟ್ ಪ್ಲೇಸ್ ಹತ್ತಿರದ ಅಗ್ರಸೇನ್ ಬಾವಲಿಯಲ್ಲಿ ಮೆಟ್ಟಿಲಿಗಿಂತ ಸೆಲ್ಫಿ ತೆಗೆಯುವವರೇ ಜಾಸ್ತಿ.

ಈ ಉದ್ಯಾನದಲ್ಲಿ ಎಡವಟ್ಟಾಗುವುದು ದಾರಿ ಹುಡುಕುವಾಗ. ಮ್ಯಾಪಿನಲ್ಲಿ ಉದ್ಯಾನದ ಹೆಸರು ಹಾಕಿದರೆ ಕೆಲವೊಮ್ಮೆ ಬಾಗಿಲೇ ಇಲ್ಲದ ಕಡೆ ತಂದು ನಿಲ್ಲಿಸುತ್ತದೆ. "ಜಮಾಲಿ ಕಮಾಲಿ" ಎಂದು ಹಾಕಿ. ಸೂಫಿ ಕವಿ ಜಮಾಲಿಯ ಸಮಾಧಿಯ ಕೋಣೆಗೆ ಬೀಗ ಇರುವುದೇ ಹೆಚ್ಚು, ಕಾವಲುಗಾರರನ್ನು ವಿನಯದಿಂದ ಕೇಳಿದರೆ ತೆರೆದರೂ ತೆರೆಯಬಹುದು. ಒಳಗೆ ನೀರು, ತಿಂಡಿ ಸಿಗುವುದಿಲ್ಲ. ದಾರಿಯುದ್ದಕ್ಕೂ ಪೊದೆಗಳಿವೆ, ಒಬ್ಬರೇ ಹೋಗಬೇಡಿ, ಹೊತ್ತು ಮುಳುಗುವ ಮುಂಚೆ ಹೊರಬನ್ನಿ.

ಅದೇ ಲೈನಿನಲ್ಲಿ ಉತ್ತರಕ್ಕೆ ಬಂದರೆ ಜೋರ್ ಬಾಗ್. ಒಂದು ಕಡೆ 1754ರ ಸಫ್ದರ್‌ಜಂಗ್ ಸಮಾಧಿ, ಇನ್ನೊಂದು ಕಡೆ ನಡೆದು ಹೋಗುವಷ್ಟು ದೂರದಲ್ಲಿ ಲೋದಿ ಗಾರ್ಡನ್. ಒಂದನ್ನು ಮಾತ್ರ ನೋಡುವಷ್ಟು ಸಮಯ ಇದ್ದರೆ ಲೋದಿ ಗಾರ್ಡನ್ ನೋಡಿ, ಅದು ಉಚಿತ ಎಂಬ ಕಾರಣಕ್ಕಲ್ಲ. ಸಯ್ಯದ್ ಮತ್ತು ಲೋದಿ ದೊರೆಗಳ ಸಮಾಧಿಗಳ ನಡುವೆ ಊರಿನ ಜನ ವಾಕಿಂಗ್ ಮಾಡುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಮುಹಮ್ಮದ್ ಶಾ ಸಯ್ಯದ್‌ನ ಎಂಟು ಮೂಲೆಯ ಸಮಾಧಿ, ಶೀಶ್ ಗುಂಬದ್‌ನಲ್ಲಿ ಉಳಿದಿರುವ ನೀಲಿ ಹೆಂಚಿನ ಚೂರುಗಳು, ಅಕ್ಬರನ ಕಾಲದ ಎಂಟು ಕಂಬದ ಸೇತುವೆ, ಎಲ್ಲವೂ ಒಂದೂವರೆ ತಾಸಿನ ನಡಿಗೆ.

ಮುಂದಿನ ಸ್ಟೇಷನ್ ಲೋಕ ಕಲ್ಯಾಣ್ ಮಾರ್ಗ್. ಗಾಂಧೀಜಿ ಕೊನೆಯ 144 ದಿನ ಇದ್ದ ಬಿರ್ಲಾ ಹೌಸ್, ಈಗಿನ ಗಾಂಧಿ ಸ್ಮೃತಿ, ಅದರ ಸಮೀಪದಲ್ಲಿದೆ. ಕೋಣೆಯಿಂದ ಪ್ರಾರ್ಥನೆಯ ಜಾಗದವರೆಗೆ ಅವರ ಕೊನೆಯ ಹೆಜ್ಜೆಗಳನ್ನು ಸಿಮೆಂಟಿನಲ್ಲಿ ಗುರುತಿಸಿದ್ದಾರೆ. ಪ್ರವೇಶ ಉಚಿತ. ರಾಜಘಾಟ್‌ಗೆ ಹೋಗುವವರಲ್ಲಿ ಬಹಳಷ್ಟು ಜನ ಇಲ್ಲಿಗೆ ಬರುವುದೇ ಇಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಇಂದಿರಾ ಗಾಂಧಿಯವರ ಮನೆ, ಸಫ್ದರ್‌ಜಂಗ್ ರಸ್ತೆಯ ಒಂದನೇ ನಂಬರು, ಅದೂ ಉಚಿತ, ಅದೂ ಇದೇ ಸುತ್ತಿನಲ್ಲಿ.

ಈ ಲೈನಿನ ದಿನದ ಊಟಕ್ಕೆ ಪಟೇಲ್ ಚೌಕ್‌ನಲ್ಲಿ ಇಳಿದು ಬಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋಗಬಹುದು. ತಲೆ ಮುಚ್ಚಿರಬೇಕು, ಬಟ್ಟೆ ಬಾಗಿಲಲ್ಲೇ ಕೊಡುತ್ತಾರೆ. ಚಪ್ಪಲಿ ಇಡಲು ದುಡ್ಡಿಲ್ಲ. ಕಾಲು ತೊಳೆದು, ದರ್ಶನ ಮಾಡಿ, ಲಂಗರ್‌ನ ಪಂಕ್ತಿಯಲ್ಲಿ ಕೂರಿ. ರೊಟ್ಟಿಯನ್ನು ಎರಡೂ ಕೈ ಚಾಚಿ ಇಸಿದುಕೊಳ್ಳಬೇಕು, ಬಡಿಸಿಕೊಂಡದ್ದನ್ನು ಬಿಡಬಾರದು. "ದಿಲ್ಲಿಯಲ್ಲಿ ಫ್ರೀ ಊಟ" ಎಂದು ಇದನ್ನು ಪಟ್ಟಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ದಾಸೋಹ ಎಂದರೇನೆಂದು ತಿಳಿದ ನಾಡಿನವರು ನಾವು. ಉಂಡ ಮೇಲೆ ಅರ್ಧ ಗಂಟೆ ಪಾತ್ರೆ ತೊಳೆಯಲೋ ರೊಟ್ಟಿ ಲಟ್ಟಿಸಲೋ ಕೂತರೆ ಯಾರೂ ಬೇಡ ಅನ್ನುವುದಿಲ್ಲ.

ನೇರಳೆ ಲೈನಿನ ದಿನ ಬೇರೆಯೇ ಲೋಕ. ಲಾಲ್ ಕಿಲಾ, ಜಾಮಾ ಮಸ್ಜಿದ್, ದಿಲ್ಲಿ ಗೇಟ್, ಜನಪಥ್, ಜೆಎಲ್ಎನ್ (ಜವಾಹರಲಾಲ್ ನೆಹರು) ಸ್ಟೇಡಿಯಂ, ಕಾಲ್ಕಾಜಿ ಮಂದಿರ್ ಎಲ್ಲವೂ ಇದೊಂದೇ ಲೈನಿನಲ್ಲಿವೆ. ಕೆಂಪುಕೋಟೆಯ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಸಮಯ ಕಡಿಮೆ ಇದ್ದರೆ ಗೋಡೆಯನ್ನೂ ಲಾಹೋರಿ ಬಾಗಿಲನ್ನೂ ಹೊರಗಿನಿಂದ ನೋಡಿ ಮುಂದೆ ಹೋಗಿ. 1857ರ ನಂತರ ಬ್ರಿಟಿಷರು ಅರಮನೆಯ ಬಹುಭಾಗವನ್ನು ಕೆಡವಿ ಬ್ಯಾರಕ್ ಕಟ್ಟಿದರು, ಉಳಿದ ಮಂಟಪಗಳು ಒಂದಕ್ಕೊಂದು ಸಂಬಂಧ ಕಡಿದುಕೊಂಡು ನಿಂತಿವೆ. ಆ ಎರಡು ಗಂಟೆಯನ್ನು 1656ರ ಜಾಮಾ ಮಸೀದಿಗೂ ಚಾಂದನಿ ಚೌಕದಿಂದ ಖಾರಿ ಬಾವಲಿಯ ಮಸಾಲೆ ಬಜಾರಿನವರೆಗಿನ ನಡಿಗೆಗೂ ಕೊಡಿ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಚಾಂದನಿ ಚೌಕದ ಮುಖ್ಯ ಬೀದಿಗೆ ಮೋಟಾರು ವಾಹನ ಬಿಡುವುದಿಲ್ಲ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಮಸೀದಿಗೆ ಪ್ರವೇಶ ಉಚಿತ, ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಆಸೆಯನ್ನಂತೂ ಬಿಟ್ಟುಬಿಡಿ.

ದಿಲ್ಲಿ ಗೇಟ್‌ನಲ್ಲಿ ಇಳಿದು ಫಿರೋಜ್ ಶಾ ಕೋಟ್ಲಾಕ್ಕೆ ಹೋಗದೆ ಬರಬೇಡಿ. ಬರೀ "ಕೋಟ್ಲಾ" ಅಂದರೆ ಆಟೋದವರು ಕ್ರಿಕೆಟ್ ಸ್ಟೇಡಿಯಂಗೆ ಬಿಡುತ್ತಾರೆ, ಇಲ್ಲವೇ ದಕ್ಷಿಣದ ಕೋಟ್ಲಾ ಮುಬಾರಕ್‌ಪುರಕ್ಕೆ. "ಕಿಲಾ" ಎಂದು ಸೇರಿಸಿ ಹೇಳಿ. ಒಳಗೆ ಮೆಟ್ಟಿಲುಮೆಟ್ಟಿಲಾದ ಕಟ್ಟಡದ ನೆತ್ತಿಯ ಮೇಲೆ ಅಶೋಕನ ಕಂಬ ನಿಂತಿದೆ. ತುಘಲಕ್ ಸುಲ್ತಾನ ಫಿರೋಜ್ ಶಾ ಅದನ್ನು 14ನೇ ಶತಮಾನದಲ್ಲಿ ಈಗಿನ ಹರಿಯಾಣದ ತೋಪ್ರಾದಿಂದ ಯಮುನೆಯ ಮೇಲೆ ದೋಣಿಗಳಲ್ಲಿ ತರಿಸಿದ. ಅದರ ಮೇಲೆ ಏನು ಬರೆದಿದೆಯೆಂದು ಓದಬಲ್ಲವರು ಅವನ ಕಾಲದಲ್ಲಿ ಯಾರೂ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದಾಗ ಈ ಕಂಬದ ಅಕ್ಷರಗಳೂ ಅವನ ಮುಂದಿದ್ದವು. ಆಗ ದೊರೆಯ ಹೆಸರಿನ ಜಾಗದಲ್ಲಿ ಸಿಕ್ಕಿದ್ದು "ದೇವಾನಾಂಪಿಯ ಪಿಯದಸಿ" ಎಂಬ ಬಿರುದು ಮಾತ್ರ. ಆ ದೇವಾನಾಂಪಿಯ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರಿನ ಮಸ್ಕಿಯಲ್ಲಿ. ಕನ್ನಡಿಗರು 20 ರೂಪಾಯಿ ಕೊಟ್ಟು ಈ ಕಂಬದ ಕೆಳಗೆ ನಿಲ್ಲಲೇಬೇಕು. ಗುರುವಾರ ಹೋದರೆ ಇನ್ನೊಂದು ನೋಟ ಇದೆ: ಜಿನ್ ಎಂಬ ಅದೃಶ್ಯ ಶಕ್ತಿಗಳಿಗೆ ಅಹವಾಲು ಬರೆದ ಚೀಟಿ ಹಿಡಿದು ಜನ ಬರುತ್ತಾರೆ, ಕಲ್ಲುಗೂಡುಗಳಲ್ಲಿ ದೀಪ ಹಚ್ಚುತ್ತಾರೆ. ಅವರ ಫೋಟೋ ತೆಗೆಯಬೇಡಿ.

ಗುರುವಾರವೇ ಆದರೆ ಸಂಜೆಗೆ ನಿಜಾಮುದ್ದೀನ್ ದರ್ಗಾದ ಕವ್ವಾಲಿ. ಅದಕ್ಕೂ ಮುಂಚೆ ಪಕ್ಕದ ಹುಮಾಯೂನ್ ಸಮಾಧಿ ಮುಗಿಸಿಕೊಳ್ಳಿ, ಜೆಎಲ್ಎನ್ ಸ್ಟೇಡಿಯಂ ಸ್ಟೇಷನ್ನಿನಿಂದ ಸುಮಾರು ಎರಡು ಕಿ.ಮೀ. ಒಳಗೆ ಹೋದೊಡನೆ ಬಲಕ್ಕಿರುವ, ಅದಕ್ಕಿಂತ ಹಳೆಯದಾದ ಈಸಾ ಖಾನ್ ಸಮಾಧಿಯನ್ನು ಮೊದಲು ನೋಡಿದರೆ ಆಮೇಲೆ ಬರುವ ದೊಡ್ಡ ಗುಮ್ಮಟ ಎಷ್ಟು ಹೊಸ ಕಲ್ಪನೆಯಾಗಿತ್ತೆಂದು ತಿಳಿಯುತ್ತದೆ. ದರ್ಗಾದ ಗಲ್ಲಿಯಲ್ಲಿ ಹೂವು, ಚಾದರ ಕೊಂಡರಷ್ಟೇ ಒಳಗೆ ಬಿಡುತ್ತಾರೆ ಎಂಬಂತೆ ಕರೆಯುತ್ತಾರೆ. ಕೊಳ್ಳಲೇಬೇಕೆಂದಿಲ್ಲ. ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಜೊತೆಗೇ ಇಟ್ಟುಕೊಳ್ಳಿ.

ತುಘಲಕಾಬಾದ್ ಕೋಟೆಗೆ ಹೋಗುವವರು ಹೆಸರು ನೋಡಿ ತುಘಲಕಾಬಾದ್ ಮೆಟ್ರೊದಲ್ಲಿ ಇಳಿದು ಕೆಡುತ್ತಾರೆ. ಗೋವಿಂದಪುರಿಯಲ್ಲಿ ಇಳಿದು ಆಟೋ ಹಿಡಿಯುವುದು ಒಳ್ಳೆಯದು. ಕಮಲ ಮಂದಿರಕ್ಕೆ (ಲೋಟಸ್ ಟೆಂಪಲ್) ಕಾಲ್ಕಾಜಿ ಮಂದಿರ್ ಸ್ಟೇಷನ್, ಪ್ರವೇಶ ಉಚಿತ. ನೀಲಿ ಲೈನಿನ ಅಕ್ಷರಧಾಮಕ್ಕೂ ಪ್ರವೇಶ ಉಚಿತವೇ, ಪ್ರದರ್ಶನಗಳಿಗೆ ಮತ್ತು ನೀರಿನ ಷೋಗೆ ಟಿಕೆಟ್. ಫೋನ್, ಪವರ್ ಬ್ಯಾಂಕ್ ಯಾವುದನ್ನೂ ಒಳಗೆ ಬಿಡುವುದಿಲ್ಲ, ಕ್ಲೋಕ್ ರೂಮಿನ ಸರದಿಯಲ್ಲೇ ಹೊತ್ತು ಹೋಗುತ್ತದೆ. ಫೋನ್ ಕೊಟ್ಟ ಮೇಲೆ ಜೊತೆಯವರನ್ನು ಹುಡುಕುವುದು ಕಷ್ಟ, ಎಲ್ಲಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಮೆಟ್ರೊ ದರ 2025ರ ಆಗಸ್ಟ್‌ನಿಂದ ಹೀಗಿದೆ: 2 ಕಿ.ಮೀ.ವರೆಗೆ 11, 5ರವರೆಗೆ 21, 12ರವರೆಗೆ 32, 21ರವರೆಗೆ 43, 32ರವರೆಗೆ 54, ಅದರಾಚೆ 64 ರೂಪಾಯಿ. ಭಾನುವಾರ ಮತ್ತು ರಾಷ್ಟ್ರೀಯ ರಜೆಗಳಂದು 2 ಕಿ.ಮೀ. ಮೇಲಿನ ಪ್ರಯಾಣಕ್ಕೆ ಇನ್ನೂ ಕಡಿಮೆ. ಸ್ಮಾರ್ಟ್ ಕಾರ್ಡಿಗೆ 10% ರಿಯಾಯಿತಿ, ಮಧ್ಯಾಹ್ನ 12ರಿಂದ 5ರ ನಡುವಿನಂಥ ಬಿಡುವಿನ ಹೊತ್ತಿನಲ್ಲಿ ಇನ್ನೊಂದು 10%. ಕಾಗದದ ಕ್ಯೂಆರ್ ಟಿಕೆಟ್ಟಿಗೆ ಈ ರಿಯಾಯಿತಿ ಇಲ್ಲ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಬೆಂಗಳೂರಿನ ಎನ್‌ಸಿಎಂಸಿ (ಹಲವು ಊರುಗಳ ಮೆಟ್ರೊಗೆ ನಡೆಯುವ) ಕಾರ್ಡ್ ಇದ್ದವರು ಅದನ್ನೇ ಒಯ್ಯಿರಿ, ದಿಲ್ಲಿಯ ಗೇಟಿನಲ್ಲೂ ನಡೆಯುತ್ತದೆ. ಕಾರ್ಡಿನ ವ್ಯಾಲೆಟ್ಟಿನಲ್ಲಿ ದುಡ್ಡಿರಬೇಕು ಅಷ್ಟೇ. ಒಂದು ದಿನದ ಟೂರಿಸ್ಟ್ ಕಾರ್ಡ್ 200 ರೂಪಾಯಿ, ಅದರಲ್ಲಿ 50 ವಾಪಸ್. ಉಳಿದ 150 ಗಿಟ್ಟಬೇಕಾದರೆ 43 ರೂಪಾಯಿಯ ಪ್ರಯಾಣ ನಾಲ್ಕಾದರೂ ಮಾಡಬೇಕು. ದಿನಕ್ಕೊಂದು ಲೈನ್ ಹಿಡಿದವರಿಗೆ ಅದು ಬೇಕಾಗುವುದಿಲ್ಲ.

ರೈಲ್ವೆ ಸ್ಟೇಷನ್ ಸುತ್ತ "ನಿಮ್ಮ ಟಿಕೆಟ್ ಕ್ಯಾನ್ಸಲ್ ಆಗಿದೆ, ಸರ್ಕಾರಿ ಟೂರಿಸ್ಟ್ ಆಫೀಸಿಗೆ ಬನ್ನಿ" ಎನ್ನುವವರ ಹಿಂದೆ ಹೋಗಬೇಡಿ. ಹತ್ತು ರೂಪಾಯಿಗೆ ಊರೆಲ್ಲ ಸುತ್ತಿಸುತ್ತೇನೆನ್ನುವ ಆಟೋ ನಿಲ್ಲುವುದು ಎಂಪೋರಿಯಂಗಳ ಮುಂದೆ, ಕಮಿಷನ್ ಅಲ್ಲಿಂದ ಬರುತ್ತದೆ.

ಹೋಗುವ ಕಾಲ: ಫೆಬ್ರವರಿ, ಮಾರ್ಚ್, ಅಕ್ಟೋಬರ್. ನವೆಂಬರಿನ ಹೊಗೆಯಲ್ಲಿ ಕಣ್ಣುರಿ, ಮೇ ಜೂನ್‌ನಲ್ಲಿ ಕಲ್ಲುಹಾಸಿನ ಮೇಲೆ ಬರಿಗಾಲಿಡಲಾಗದು. ಜನವರಿಯಲ್ಲಿ ಪರೇಡಿನ ತಯಾರಿಗೆ ಕರ್ತವ್ಯಪಥದ ಸುತ್ತ ರಸ್ತೆ ಮುಚ್ಚುತ್ತಾರೆ, ಆಗಸ್ಟ್ 15ಕ್ಕೆ ಮುಂಚೆ ಕೆಂಪುಕೋಟೆಯನ್ನು. ಫೆಬ್ರವರಿ ಮಾರ್ಚ್‌ನಲ್ಲಿ ರಾಷ್ಟ್ರಪತಿ ಭವನದ ಅಮೃತ್ ಉದ್ಯಾನ ಉಚಿತವಾಗಿ ತೆರೆದಿರುತ್ತದೆ, ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿಕೊಳ್ಳಿ. ಶನಿವಾರದ ಗಾರ್ಡ್ ಬದಲಾವಣೆಯೂ ಉಚಿತ, ಅದಕ್ಕೂ ಮೊದಲೇ ನೋಂದಣಿ ಬೇಕು.

ಇನ್ನು ಸೋಮವಾರ. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಗಾಂಧಿ ಸ್ಮೃತಿ, ಇಂದಿರಾ ಸ್ಮಾರಕ, ಕಮಲ ಮಂದಿರ, ಅಕ್ಷರಧಾಮ ಎಲ್ಲವೂ ಅಂದು ಬಾಗಿಲು ಮುಚ್ಚಿರುತ್ತವೆ. ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸಿ ಬಂದವರು ಸಿಕ್ಕಿಬೀಳುವುದೇ ಇಲ್ಲಿ. ಆ ದಿನವನ್ನು ಮೆಹ್ರೌಲಿಗೆ ಎತ್ತಿಡಿ: ಬೆಳಿಗ್ಗೆ ಕುತುಬ್, ಬಿಸಿಲೇರುವ ಮುಂಚೆ ಬಲ್ಬನ್‌ನ ಸಮಾಧಿ, ಬಾವಲಿ, ಮಧ್ಯಾಹ್ನ ಪಟೇಲ್ ಚೌಕ್, ಇಳಿಹೊತ್ತಿಗೆ ಲೋದಿ ಗಾರ್ಡನ್. ಇವು ಯಾವುವಕ್ಕೂ ಸೋಮವಾರದ ರಜೆ ಇಲ್ಲ.